ಕೋಳಿ ಗೊಬ್ಬರ ಹಾಕಿದ ಮೇಲೂ ಡಿಎಪಿ ಯಾಕ್ರಪ್ಪಾ?

ಕೋಳಿ ಗೊಬ್ಬರದ ಮಾತು ಬಂದರೆ ಸಾಕು, ರೈತರಲ್ಲಿ ಎರಡು ಪಾರ್ಟಿ. "ಅದು ಹೀಟು, ಭೂಮಿ ಕೆಟ್ಟೋಗುತ್ತೆ" ಅನ್ನುವವರು ಒಂದು ಕಡೆ. "ಒಂದು ಲೋಡು ಹೊಡೆಸಿ ನೋಡಿ, ಬೆಳೆ ಹೆಂಗೆ ಎದ್ದೇಳುತ್ತೆ" ಅನ್ನುವವರು ಇನ್ನೊಂದು ಕಡೆ. ನಾನು ಹಾಕುವ ಪಾರ್ಟಿ. ಆದರೆ ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಅದನ್ನು ಸುರಿಯುವ ರೀತಿ ನೋಡಿದರೆ ಹೊಟ್ಟೆ ಉರಿಯುತ್ತದೆ.

ಲೆಕ್ಕ ಹಾಕೋಣ ಬನ್ನಿ. ಚೆನ್ನಾಗಿ ಒಣಗಿದ ಕೋಳಿ ಗೊಬ್ಬರದಲ್ಲಿ ಹೆಚ್ಚುಕಮ್ಮಿ ಶೇ 3 ಸಾರಜನಕ, ಶೇ 2.5 ರಂಜಕ ಇರುತ್ತದೆ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಅರ್ಧ ಪರ್ಸೆಂಟ್ ಇದ್ದರೆ ಪುಣ್ಯ. ಅಂದರೆ ಒಂದು ಟನ್ ಕೋಳಿ ಗೊಬ್ಬರದಲ್ಲಿ 25 ಕೆಜಿ ರಂಜಕ ಬಂತು. ಅಂಗಡಿಯಲ್ಲಿ ಸಿಗುವ ರಾಸಾಯನಿಕ ಗೊಬ್ಬರ ಡಿಎಪಿಯ 50 ಕೆಜಿ ಚೀಲದಲ್ಲಿ ಇರುವುದೇ 23 ಕೆಜಿ! ಮಳೆ ನಂಬಿದ ರಾಗಿಗೆ ಎಕರೆಗೆ ಹಾಕಿ ಅನ್ನುವುದು ಸುಮಾರು 16 ಕೆಜಿ ರಂಜಕ. ಒಂದು ಟನ್ನಿಗೇ ಲೆಕ್ಕ ಚುಕ್ತಾ.

ನಾವೇನು ಮಾಡ್ತೀವಿ? ಲೋಡುಗಟ್ಟಲೆ ಕೋಳಿ ಗೊಬ್ಬರ ಹರಡಿ, ಬಿತ್ತುವಾಗ ರೂಢಿಯಂತೆ ಡಿಎಪಿಯನ್ನೂ ಹಾಕ್ತೀವಿ. ಸಾರಜನಕ ಗಾಳಿಗೋ ಮಳೆಗೋ ಹೋಗಬಹುದು. ರಂಜಕ ಹಾಗಲ್ಲ, ಬಹುಪಾಲು ಮಣ್ಣಲ್ಲೇ ಕೂತುಬಿಡುತ್ತದೆ. ವರ್ಷ ವರ್ಷ ಜಮಾ ಆಗಿ, ಕೊನೆಗೆ ಗಿಡಕ್ಕೆ ಸತು (ಜಿಂಕ್) ಸಿಗದ ಹಾಗೆ ಮಾಡುತ್ತದೆ. ಆಗ ಜಿಂಕ್ ಸಲ್ಫೇಟ್ ಕೊಡಿ ಅಂತ ಮತ್ತೆ ಅದೇ ಅಂಗಡಿಗೆ! "ಭೂಮಿ ಕೆಟ್ಟೋಯ್ತು" ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಇದೇ ಕಥೆ ಇರುತ್ತದೆ ಅಂತ ನನಗನ್ನಿಸುತ್ತದೆ. ಮಣ್ಣು ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ, ಆದರೆ ಕಾರ್ಡು ತಂದು ಗೋಡೆಗೆ ಸಿಕ್ಕಿಸುವವರೇ ಜಾಸ್ತಿ.

ಹೀಟು ಅನ್ನುವುದು ಸುಳ್ಳಲ್ಲ. ಕೋಳಿ ಹಿಕ್ಕೆಯಲ್ಲಿರುವ ಯೂರಿಕ್ ಆಮ್ಲ ತೇವ ತಾಗಿದರೆ ಬೇಗ ಯೂರಿಯಾ ಆಗಿ, ಅಮೋನಿಯಾ ಆಗುತ್ತದೆ. ಟ್ರ್ಯಾಕ್ಟರ್ ಟಾರ್ಪಾಲು ಬಿಚ್ಚಿದ ಕೂಡಲೇ ಮೂಗು ಕಟ್ಟಿ ಕಣ್ಣಲ್ಲಿ ನೀರು ಬರುತ್ತಲ್ಲ, ಅದು ನೀವು ಕಾಸು ಕೊಟ್ಟು ತಂದ ಸಾರಜನಕ ಹಾರಿಹೋಗುತ್ತಿರುವುದು. ಅದೇ ಹಸಿ ಗೊಬ್ಬರ ಟೊಮ್ಯಾಟೊ ಸಸಿಯ ಬುಡಕ್ಕೆ ಬಿದ್ದರೆ ಬೇರು ಸುಡದೆ ಇನ್ನೇನು?

ಕೊಳ್ಳುವಾಗಲೂ ಬರೀ "ಲೋಡು ಎಷ್ಟು" ಅಂತ ಕೇಳುತ್ತೀವಿ. ಬ್ರಾಯ್ಲರ್ (ಮಾಂಸದ ಕೋಳಿ) ಶೆಡ್ಡಿನದು ಭತ್ತದ ಹೊಟ್ಟಿನ ಜೊತೆ ಬರುತ್ತದೆ. ಒಣಗಿರುತ್ತದೆ, ಹಗುರ. ಆದರೆ ಹೊಟ್ಟು ಬೇಗ ಕರಗುವುದಿಲ್ಲ. ಲೇಯರ್ (ಮೊಟ್ಟೆ ಕೋಳಿ) ಶೆಡ್ಡಿನ ಪಂಜರದ ಕೆಳಗಿನದು ಬರೀ ಹಿಕ್ಕೆ. ತಾಜಾ ಇದ್ದರೆ ಮುಕ್ಕಾಲು ಪಾಲು ನೀರೇ. ತೂಕದ ಮೇಲೆ ತಂದರೆ ನೀರಿಗೆ ದುಡ್ಡು ಕೊಟ್ಟ ಹಾಗೆ. ಮೊಟ್ಟೆ ಚಿಪ್ಪಿಗೆ ಅಂತ ಮೇವಲ್ಲಿ ಸುಣ್ಣ ಹಾಕುವುದರಿಂದ ಅದರಲ್ಲಿ ಸುಣ್ಣವೂ ಜಾಸ್ತಿ. ಮಲೆನಾಡಿನ ಹುಳಿ ಮಣ್ಣಿಗೆ ಅದು ಒಳ್ಳೆಯದೇ. ಮೊದಲೇ ಕ್ಷಾರ ಇರುವ ಕಪ್ಪು ಮಣ್ಣಿನವರು ಸ್ವಲ್ಪ ಯೋಚನೆ ಮಾಡಿ.

ದಾರಿ ಕಷ್ಟದ್ದೇನಲ್ಲ. ತೆಂಗಿನ ನಾರಿನ ಪುಡಿ, ಒಣ ಎಲೆ, ಕತ್ತರಿಸಿದ ಮುಸುಕಿನ ಜೋಳದ ದಂಟು, ಏನು ಸಿಗುತ್ತೋ ಅದನ್ನು ಧಾರಾಳವಾಗಿ ಬೆರೆಸಿ ನೆರಳಲ್ಲಿ ರಾಶಿ ಹಾಕಿ. ಹಿಡಿಯಲ್ಲಿ ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಕೆಲವೇ ದಿನಕ್ಕೆ ಒಳಗೆ ಕೈ ಇಡೋಕಾಗದಷ್ಟು ಕಾಯುತ್ತದೆ, 55-60 ಡಿಗ್ರಿ. ಆ ಕಾವಿಗೆ ರೋಗಾಣು, ನೊಣದ ಹುಳ ಸಾಯುತ್ತವೆ. ಆಗಾಗ ತಿರುವಿ ಹಾಕಿ. ಎರಡು ಮೂರು ತಿಂಗಳಲ್ಲಿ ಕಾವು ಇಳಿದು, ಘಾಟು ಹೋಗಿ, ಮಣ್ಣಿನ ವಾಸನೆ ಬಂದರೆ ಹೊಲಕ್ಕೆ ಒಯ್ಯಬಹುದು. ಮಳೆಗಾಲದಲ್ಲಿ ಮೇಲೊಂದು ಹೊದಿಕೆ ಇರಲಿ, ಇಲ್ಲದಿದ್ದರೆ ಸಾರವೆಲ್ಲ ಚರಂಡಿಗೆ.

ಊರ ಪಕ್ಕದ ಹೊಲಕ್ಕೆ ಹಸಿಯದನ್ನೇ ಸುರಿಯುವವರಿಗೆ ಒಂದು ಮಾತು: ನೊಣ ಮೊಟ್ಟೆಯಿಂದ ರೆಕ್ಕೆ ಬಲಿಯೋಕೆ ಬೇಸಿಗೆಯಲ್ಲಿ ಏಳೆಂಟು ದಿನ ಸಾಕು. ಬೆಳೆ ನಿಮ್ಮದು, ನೊಣ ಇಡೀ ಊರಿಂದು. ಇನ್ನು ಕೊತ್ತಂಬರಿ ಮಡಿಗೆ ಹಸಿ ಕೋಳಿ ಗೊಬ್ಬರ ಹಾಕುವುದಂತೂ ದಯವಿಟ್ಟು ಬೇಡ. ಅದನ್ನು ಜನ ಹಸಿಯಾಗೇ ತಿಂತಾರೆ ಸ್ವಾಮಿ.

ಇಷ್ಟೆಲ್ಲ ಹೇಳಿದೆ ಅಂತ ಹಸು ಮಾರಬೇಡಿ. ಮಣ್ಣಿಗೆ ಮೆದು ಕೊಡೋದರಲ್ಲಿ ಕೊಟ್ಟಿಗೆ ಗೊಬ್ಬರಕ್ಕೆ ಅದರದೇ ಜಾಗ ಇದೆ. ಆದರೆ ಈಗ ಒಂದು ಟ್ರ್ಯಾಕ್ಟರ್ ಕೊಟ್ಟಿಗೆ ಗೊಬ್ಬರ ಹುಡುಕೋದೇ ಕಷ್ಟ ಅಲ್ವಾ?

ನಿಮ್ಮ ಕಡೆ ಸಿಗೋದು ಲೇಯರ್ರೋ ಬ್ರಾಯ್ಲರ್ರೋ, ಲೋಡು ಎಷ್ಟು ಹೇಳ್ತಿದ್ದಾರೆ, ಕಾಮೆಂಟಲ್ಲಿ ಹಾಕಿ.