ಹಳೇ ಬಣ್ಣಕ್ಕೇ ದುಡ್ಡು ಕೊಡಿ

ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಹಳೇ ಯಮಹಾ ಆರ್‌ಎಕ್ಸ್ 100 ಬೈಕ್ ಮಾರಬೇಕು ಅಂದ ಕೂಡಲೇ ಜನ ಮೊದಲು ಓಡುವುದು ಪೇಂಟರ್ ಹತ್ತಿರ. ಟ್ಯಾಂಕಿಗೆ ಹೊಸ ಬಣ್ಣ, ಹೊಸ ಸ್ಟಿಕ್ಕರ್, ಮಿರಿಮಿರಿ ಮಿಂಚುವ ಸೈಲೆನ್ಸರ್. ಅಷ್ಟಾದ ಮೇಲೆ ಲಕ್ಷ ದಾಟಿದ ಬೆಲೆ ಹೇಳಲು ಧೈರ್ಯ ಬರುತ್ತದೆ. ನಾನಿರುವ ಇಂಗ್ಲೆಂಡಿನಲ್ಲಿ ಲೆಕ್ಕ ತಿರುಗಾಮುರುಗಾ. ಹೆಚ್ಚುಕಮ್ಮಿ ಇದೇ ವಯಸ್ಸಿನ ಯಮಹಾ ಆರ್‌ಡಿ 125 ಎಲ್‌ಸಿ ಮಾರಾಟಕ್ಕೆ ಬಂದರೆ, ಮಂಡಿ ತಾಗಿ ತಾಗಿ ಟ್ಯಾಂಕಿನ ಬಣ್ಣ ಸವೆದಿದ್ದರೂ ಅದು ಕಾರ್ಖಾನೆಯ ಬಣ್ಣವಾಗಿದ್ದರೆ ಅದಕ್ಕೇ ಬೆಲೆ. ಹೊಸ ಬಣ್ಣ ಕಂಡರೆ ಕೆಳಗೆ ಏನು ಮುಚ್ಚಿದ್ದಾರೋ ಎಂಬ ಅನುಮಾನ ಮೊದಲು ಬರುತ್ತದೆ. ಈ ವಿಷಯದಲ್ಲಿ ಅವರ ದಾರಿಯೇ ಸರಿ, ನಮ್ಮೂರಿನವರೂ ಅದನ್ನೇ ಹಿಡಿಯಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಎರಡೂ ಕಡೆ ಈ ಗಾಡಿಗಳು ಕಂಡ ಬಾಳು ಒಂದೇ. 1983ರಲ್ಲಿ ಬ್ರಿಟನ್ನಿನಲ್ಲಿ ಕಲಿಯುವವರಿಗೆ 125 ಸಿಸಿ, 12 ಅಶ್ವಶಕ್ತಿಯ ಮಿತಿ ಬಂತು. ಹಾಗಾಗಿ ಅಲ್ಲಿನ ಸಣ್ಣ ಸ್ಪೋರ್ಟ್ ಬೈಕುಗಳನ್ನೆಲ್ಲ ಹದಿನೇಳರ ಹುಡುಗರು ಕುಣಿಸಿದರು. ನಮ್ಮಲ್ಲಿ 1985ರಲ್ಲಿ ಬಂದು 1996ಕ್ಕೆ ನಿಂತ 98 ಸಿಸಿ, 11 ಅಶ್ವಶಕ್ತಿಯ ಆರ್‌ಎಕ್ಸ್ 100ಕ್ಕೂ ಅದೇ ಗತಿ. ಮುಟ್ಟದೆ ಉಳಿದದ್ದು ಕಮ್ಮಿ. ಉಳಿದದ್ದಕ್ಕೂ ನಾವೇ ಬಣ್ಣ ಬಳಿದರೆ ಗುರುತು ಹಿಡಿಯುವುದಾದರೂ ಹೇಗೆ?

ಯಾರೂ ಬಿಚ್ಚಿ ಮುಟ್ಟದ ಗಾಡಿಯನ್ನು ಅದರ ಸ್ಕ್ರೂಗಳೇ ತೋರಿಸಿಕೊಡುತ್ತವೆ. ಕ್ಲಚ್ ಕವರ್, ಮ್ಯಾಗ್ನೆಟ್ ಕವರ್‌ಗಳ ಪ್ಲಸ್ ತಲೆಯ ಸ್ಕ್ರೂ ಜಪಾನಿನ ಅಳತೆಯದು. ಸಾಮಾನ್ಯ ಸ್ಟಾರ್ ಸ್ಕ್ರೂಡ್ರೈವರ್ ಅದರಲ್ಲಿ ಪೂರ್ತಿ ಕೂರುವುದಿಲ್ಲ, ಜಾರಿ ತಲೆಯನ್ನು ಕೆರೆದು ಹಾಕುತ್ತದೆ. ತಲೆಗಳು ಚೂಪಾಗಿ ಉಳಿದಿದ್ದರೆ ಎಂಜಿನ್ ಹೆಚ್ಚು ಬಿಚ್ಚಿಲ್ಲ ಅಂತ. ಕೆರೆದುಹೋಗಿ, ಕವರ್ ಅಂಚಿನಲ್ಲಿ ಗ್ಯಾಸ್ಕೆಟ್ ಅಂಟು ಹೊರಗೆ ಬಂದಿದ್ದರೆ ಹಲವು ಕೈ ದಾಟಿದೆ. ಆಮೇಲೆ ಸೀಟ್ ಎತ್ತಿ ನೋಡಿ: ವೈರಿಂಗ್ ಮೇಲೆ, ರಬ್ಬರ್ ಬುಷ್ ಮೇಲೆ ಬಣ್ಣದ ಹನಿ ಬಿದ್ದಿದ್ದರೆ ಬಿಚ್ಚದೆಯೇ ಸ್ಪ್ರೇ ಹೊಡೆದಿದ್ದಾರೆ. ಟ್ಯಾಂಕಿನ ಅಡಿಯ ಬಣ್ಣಕ್ಕೂ ಮೇಲಿನದಕ್ಕೂ ತಾಳೆಯಾಗಬೇಕು. ಟ್ಯಾಂಕ್ ಒಳಗೆ ಟಾರ್ಚ್ ಬಿಡಿ. ಬೂದು ಬಣ್ಣದ ತಗಡು ಕಂಡರೆ ಒಳ್ಳೆಯದು, ತಳದಲ್ಲಿ ಕಂದು ಪುಡಿ ಕಂಡರೆ ಅದು ನಾಳೆ ಕಾರ್ಬುರೇಟರ್ ಜೆಟ್‌ನಲ್ಲಿ ಕೂರುತ್ತದೆ.

ಚಾಸಿಸ್ ನಂಬರ್ ಹ್ಯಾಂಡಲ್ ಕೆಳಗಿನ ಕೊಳವೆಯ ಮೇಲಿದೆ. ತೆಳು ಕಾಗದ ಇಟ್ಟು ಪೆನ್ಸಿಲ್ ಅಡ್ಡಡ್ಡ ಉಜ್ಜಿ. ಅಕ್ಷರಗಳ ಅಂಚು ಸ್ಪಷ್ಟವಾಗಿ, ಸಾಲು ನೇರವಾಗಿ ಬರಬೇಕು. ಉಜ್ಜಿದ ಗುರುತು, ಒಂದೆಡೆ ತಗ್ಗು ಕಂಡರೆ ಮಾತು ಮುಗಿಸಿ ಹೊರಡಿ. ಆರ್‌ಎಕ್ಸ್ 100ರ ನಂಬರ್ 1ಎಲ್1 ಎಂದು ಶುರುವಾಗುತ್ತದೆ. ಎಂಜಿನ್ ನಂಬರ್ ಆರ್‌ಸಿಗೆ ಹೊಂದಿದರೂ ಮೇಲೆ ಆರ್‌ಎಕ್ಸ್ 135ರ ಸಿಲಿಂಡರ್ ಕೂರಿಸಿರಬಹುದು. 100ರ ಬೋರ್, ಅಂದರೆ ಸಿಲಿಂಡರಿನ ಒಳಅಗಲ, 50 ಮಿ.ಮೀ., 135ರದು 58. ಹೆಡ್ ಬಿಚ್ಚಲು ಒಪ್ಪಿದರೆ ವರ್ನಿಯರ್ ಹಿಡಿದರೆ ಸಾಕು. ಪಿಸ್ಟನ್ ತಲೆಯ ಮೇಲೆ 0.25, 0.50 ಎಂದಿದ್ದರೆ ಸಿಲಿಂಡರನ್ನು ಎಷ್ಟು ಸಲ ಕೊರೆದು ಅಗಲ ಮಾಡಿದ್ದಾರೆ ಎಂದು ತಿಳಿಯುತ್ತದೆ. 1.00 ಬಂದಿದ್ದರೆ ಮುಂದಕ್ಕೆ ಜಾಗ ಉಳಿದಿಲ್ಲ, ಬೆಲೆಯಲ್ಲಿ ಹೊಸ ಸಿಲಿಂಡರ್ ಕಳೆಯಿರಿ.

ಮಾರುವವನಿಗೆ ಮೊದಲೇ ಹೇಳಿ: ನಾನು ಬರುವ ತನಕ ಗಾಡಿ ಸ್ಟಾರ್ಟ್ ಮಾಡಬೇಡಿ. ತಣ್ಣಗಿನ ಎಂಜಿನ್ ಮೊದಲ ಕೆಲವು ನಿಮಿಷ ನೀಲಿ ಹೊಗೆ ಬಿಟ್ಟರೆ ತೊಂದರೆ ಇಲ್ಲ, ಅದು ಪೆಟ್ರೋಲಿನ ಜೊತೆಗೇ ಉರಿಯುವ ಟೂ-ಟಿ ಆಯಿಲ್. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕ್ಲಚ್ ಬದಿಯ ಕ್ರ್ಯಾಂಕ್ ಸೀಲ್ ಹೋಗಿ ಗೇರ್ ಆಯಿಲ್ ಒಳಗೆ ಎಳೆಯುತ್ತಿದೆ. ಮ್ಯಾಗ್ನೆಟ್ ಬದಿಯ ಸೀಲ್ ಹೋದರೆ ಹೊಗೆ ಕಾಣುವುದಿಲ್ಲ, ಅದೇ ಅಪಾಯ. ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ, ಆಕ್ಸಿಲರೇಟರ್ ಬಿಟ್ಟರೂ ರೇಸ್ ಇಳಿಯದೆ ತೂಗಾಡುತ್ತದೆ, ಕೊನೆಗೆ ಪಿಸ್ಟನ್ ಜಾಮ್. ಆ ಟೂ-ಟಿ ಆಯಿಲನ್ನು ಎಂಜಿನ್‌ಗೆ ಕಳಿಸುವ ಪಂಪ್ ಇದೆಯೋ ಇಲ್ಲವೋ ನೋಡಿ. ಕಿತ್ತು ಹಾಕಿ ಪೆಟ್ರೋಲಿಗೇ ಆಯಿಲ್ ಬೆರೆಸುವ ಚಾಳಿ ನಮ್ಮಲ್ಲಿ ಬಹಳ. ಹಾಗಿದ್ದರೆ ಲೀಟರಿಗೆ 25 ಮಿ.ಲೀ. ತಪ್ಪದೆ ಹಾಕಬೇಕು.

ಓಡಿಸಿ ನೋಡಲು ಚಿಕ್ಕಮಗಳೂರು ಊರೊಳಗಿನ ಐ.ಜಿ. ರಸ್ತೆ ಸಾಲದು. ಕೈಮರ ದಾಟಿ ಮುಳ್ಳಯ್ಯನಗಿರಿ ಕಡೆಯ ಏರು ಹಿಡಿಯಿರಿ. ಎರಡು, ಮೂರನೇ ಗೇರಿನಲ್ಲಿ ಎಳೆಯುವಾಗ ಗೇರ್ ತಾನಾಗಿ ಹಾರಬಾರದು, ಕ್ಲಚ್ ಜಾರಬಾರದು, ಬಿಸಿಯಾದ ಎಂಜಿನ್ ನಿಲ್ಲಿಸಿದ ಮೇಲೆ ಎರಡೇ ಒದೆತಕ್ಕೆ ಎದ್ದೇಳಬೇಕು.

ಗಾಡಿ ಎಲ್ಲಿ ನಿಂತಿತ್ತು ಎಂಬುದೂ ಅಷ್ಟೇ ಮುಖ್ಯ. ಇಂಗ್ಲೆಂಡಿನಲ್ಲಿ ಲೋಹ ತಿನ್ನುವುದು ಚಳಿಗಾಲದ ರಸ್ತೆಗೆ ಸುರಿಯುವ ಉಪ್ಪು, ಮೂಡಿಗೆರೆ, ಸಕಲೇಶಪುರದಲ್ಲಿ ನಾಲ್ಕು ತಿಂಗಳ ಮಳೆಯ ಥಂಡಿ. ತೋಟದ ಗೋಡೌನಿನಲ್ಲಿ ಗೊಬ್ಬರದ ಮೂಟೆಗಳ ಪಕ್ಕ ನಿಂತ ಗಾಡಿಯ ರಿಮ್, ಸ್ಪೋಕ್, ಅಲ್ಯೂಮಿನಿಯಂ ಕವರ್‌ಗಳನ್ನು ಎರಡೆರಡು ಸಲ ನೋಡಿ. ಕಡೂರು, ಅರಸೀಕೆರೆ ಕಡೆಯ ಗಾಡಿಯಲ್ಲಿ ತಗಡು ಚೆನ್ನಾಗಿರುತ್ತದೆ, ಬಿಸಿಲಿಗೆ ರಬ್ಬರ್ ಸೀಳಿರುತ್ತದೆ. ರಬ್ಬರ್ ಬದಲಾಯಿಸುವುದು ಸುಲಭ. ನಾನಾದರೆ ಬಯಲುಸೀಮೆಯ ಗಾಡಿಯನ್ನೇ ಆರಿಸುತ್ತೇನೆ.

ಕಾಗದದಲ್ಲಿ ನಾವು ತುಂಬ ಹಿಂದೆ. ಇಂಗ್ಲೆಂಡಿನಲ್ಲಿ ಎಂಒಟಿ, ಅಂದರೆ ಗಾಡಿ ರಸ್ತೆಗೆ ಯೋಗ್ಯವೇ ಎಂದು ನೋಡುವ ತಪಾಸಣೆಯ ಫಲಿತಾಂಶ, ಅಂದಿನ ಮೀಟರ್ ಓದು, ಫೇಲಾದ ಕಾರಣ ಎಲ್ಲವನ್ನೂ ನಂಬರ್ ಹಾಕಿ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ನಮ್ಮಲ್ಲಿ ಅದಕ್ಕೆ ಹತ್ತಿರದ್ದು ಎಂದರೆ ಆರ್‌ಸಿ ನವೀಕರಣ. ಮೊದಲು 15 ವರ್ಷ, ಆಮೇಲೆ 5 ವರ್ಷಕ್ಕೊಮ್ಮೆ. 1990ರ ಗಾಡಿಯಾದರೆ 2005, 2010, 2015, 2020, 2025ರ ನವೀಕರಣ ಕೇಳಿ. ನಡುವೆ ತಪ್ಪಿದ್ದರೆ ಆಗ ಗಾಡಿ ಎಲ್ಲಿತ್ತು ಎಂದೂ ಕೇಳಿ. ಹಳೇ ಪುಸ್ತಕದ ಆರ್‌ಸಿ ಕಂಪ್ಯೂಟರಿಗೆ ಹತ್ತಿಲ್ಲದಿದ್ದರೆ ಆರ್‌ಟಿಒದಲ್ಲಿ ಬ್ಯಾಕ್‌ಲಾಗ್ ನಮೂದು ಆಗದೆ ವರ್ಗಾವಣೆ ಇಲ್ಲ. ಆ ಕೆಲಸ ಮಾರುವವನ ಹೆಸರಿನಲ್ಲಿರುವಾಗಲೇ ಮುಗಿಯಲಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿರುವುದು ಇನ್ನೊಂದು ಗಂಟು. ಮೈಸೂರು ಬ್ಯಾಂಕ್ ಎಂದಿದ್ದರೆ ಈಗ ಸ್ಟೇಟ್ ಬ್ಯಾಂಕ್, ವಿಜಯಾ ಬ್ಯಾಂಕ್ ಎಂದಿದ್ದರೆ ಬ್ಯಾಂಕ್ ಆಫ್ ಬರೋಡಾ. ಅಲ್ಲಿಂದ ಸಾಲ ತೀರಿದೆ ಎನ್ನುವ ಫಾರಂ 35 ತರಬೇಕು. ವಿಂಟೇಜ್ ನೋಂದಣಿ ಮಾಡಿಸಿಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2021ರ ನಿಯಮದ ಪ್ರಕಾರ ಅದಕ್ಕೆ 50 ವರ್ಷ ಆಗಬೇಕು, ಮೊದಲ ಆರ್‌ಎಕ್ಸ್ 100ಕ್ಕೂ 2035ರ ತನಕ ಆ ಭಾಗ್ಯ ಇಲ್ಲ.

ನಮ್ಮಲ್ಲೇ ಮೇಲಾದದ್ದೂ ಇದೆ. ಅಲ್ಲಿ ಸಿಲಿಂಡರನ್ನು ಪೋಸ್ಟ್‌ನಲ್ಲಿ ಕಳಿಸಿ ವಾರಗಟ್ಟಲೆ ಕಾಯುತ್ತಾರೆ, ಹಾಸನದಲ್ಲಿ ಬೆಳಿಗ್ಗೆ ಲೇತ್‌ಗೆ ಕೊಟ್ಟ ಬೋರ್ ಸಂಜೆಗೆ ಕೈಗೆ ಬರಬಹುದು. ಸೈಲೆನ್ಸರ್ ಶಬ್ದ ಕೇಳಿಯೇ ರೋಗ ಹೇಳುವ ಮೇಸ್ತ್ರಿಗಳು ನಮ್ಮಲ್ಲಿದ್ದಾರೆ, ಗಾಡಿ ನೋಡಲು ಹೋಗುವಾಗ ಅವರಿಗೆ ಕೂಲಿ ಕೊಟ್ಟು ಕರೆದುಕೊಂಡು ಹೋಗಿ.

ಕೊಂಡ ಮೇಲೆ ಪೆಟ್ರೋಲ್ ಪೈಪ್, ಕಾರ್ಬುರೇಟರಿನ ಫ್ಲೋಟ್ ನೀಡಲ್, ಎರಡೂ ಕ್ರ್ಯಾಂಕ್ ಸೀಲ್ ಹೊಸದು ಹಾಕಿಸಿ. ಹಳೇ ರಬ್ಬರಿಗೆ 20 ಶೇಕಡಾ ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಆಗಿಬರುವುದಿಲ್ಲ. ಬ್ರಿಟನ್ನಿನಲ್ಲಿ ಹಳೇ ಗಾಡಿಗೆಂದು 5 ಶೇಕಡಾ ಎಥನಾಲಿನ ಪೆಟ್ರೋಲ್ ಬೇರೆ ಸಿಗುತ್ತದೆ, ನಮ್ಮೂರಿನ ಬಂಕುಗಳಲ್ಲಿ ಆ ಆಯ್ಕೆ ಇಲ್ಲ. ಮಳೆಗಾಲದಲ್ಲಿ ನಿಲ್ಲಿಸುವುದಾದರೆ ಕಾರ್ಬುರೇಟರ್ ಬಟ್ಟಲು ಖಾಲಿ ಮಾಡಿ. ಬಿಚ್ಚಿದ ಹಳೇ ಲಿವರ್, ಕೇಬಲ್, ಮಾಸಿದ ಬ್ಯಾಡ್ಜ್ ಏನನ್ನೂ ಗುಜರಿಗೆ ಹಾಕಬೇಡಿ. ಚೀಟಿ ಅಂಟಿಸಿ ಒಂದು ಡಬ್ಬದಲ್ಲಿಟ್ಟು ಗಾಡಿಯ ಜೊತೆಗೇ ಇಡಿ, ಮುಂದೆ ಕೊಳ್ಳುವವನ ಕೈಗೆ ಆ ಡಬ್ಬವೂ ಹೋಗಲಿ.