ಸಹಿ ಹಾಕಿದ್ರೆ ಬೇಗ ಹೊರಗೆ ಬಿಡ್ತಾರಂತೆ

ಅಮೇರಿಕಾದಲ್ಲಿ ಕಾಯಂ ಆಗಿರೋಕೆ ಕೊಟ್ಟಿರೋ ಗ್ರೀನ್ ಕಾರ್ಡನ್ನ ಸ್ವಂತ ಇಚ್ಛೆಯಿಂದ ಬಿಟ್ಟುಕೊಡ್ತಿದೀನಿ ಅಂತ ಏರ್‌ಪೋರ್ಟಲ್ಲೇ ಬರ್ಕೊಡ್ಬೇಕಂತೆ. ಸ್ವಂತ ಇಚ್ಛೆ! ರಾತ್ರಿಯೆಲ್ಲಾ ಪ್ರಯಾಣ ಮಾಡಿ, ಕಾಲು ಊದಿಸ್ಕೊಂಡು ಬಂದು ಕೂತಿರೋ 72 ವರ್ಷದ ಮನುಷ್ಯನ ಮುಂದೆ ಕಾಗದ ಇಟ್ಟು, ಪೆನ್ನೂ ತಾವೇ ಕೊಟ್ಟು, ಸಹಿ ಹಾಕಿದ್ರೆ ಬೇಗ ಹೊರಗೆ ಹೋಗ್ಬಹುದು ಅನ್ನೋದಕ್ಕೆ ಸ್ವಂತ ಇಚ್ಛೆ ಅಂತಾರೇನ್ರೀ? ಎಲ್ಲಿಗೆ ಹೊರಗೆ? ವಾಪಸ್ ಹೋಗೋ ವಿಮಾನಕ್ಕೆ ತಾನೇ?

ಐ-407 ಅಂತ ಆ ಫಾರಂ ಹೆಸರು. ಅಪ್ಪ ಅಮ್ಮನ್ನ ಗ್ರೀನ್ ಕಾರ್ಡ್ ಮೇಲೆ ಕರೆಸ್ಕೊಂಡಿರೋರು ಇವತ್ತೇ ತಿಳ್ಕೊಳ್ಳಿ. ನಮ್ಮ ಸೊಸೆ ಹೊರಡೋ ಮುಂಚೆ ಫೋನಲ್ಲಿ ಹೇಳಿ ಒಂದು ಚೀಟಿ ಬರೆಸಿ ಪಾಸ್‌ಪೋರ್ಟ್ ಒಳಗೆ ಇಡ್ಸಿದ್ಲು, 407 ನಂಬರ್ ಇರೋ ಯಾವ ಕಾಗದಕ್ಕೂ ಸಹಿ ಹಾಕ್ಬೇಡಿ ಅತ್ತೆ, ಜಡ್ಜ್ ಮುಂದೆ ಹೇಳ್ತೀವಿ ಅನ್ನಿ ಅಂತ. ಏರ್‌ಪೋರ್ಟಲ್ಲಿ ತಡೆದು ಪ್ರಶ್ನೆ ಕೇಳೋ ಆ ರೂಮಲ್ಲಿ ಫೋನ್ ಮುಟ್ಟೋಹಾಗಿಲ್ಲ, ಚೀಟಿ ಇಲ್ದೇ ಇದ್ದಿದ್ರೆ ನಮ್ಮನೆಯವರು ಆ ಸುಸ್ತಿಗೆ ಸಹಿ ಹಾಕ್ಬಿಡ್ತಿದ್ರು, ಕೈ ಪೆನ್ನಿನ ಹತ್ರ ಹೋಗಿತ್ತು, ನಾನೇ ಹಿಡ್ಕೊಂಡೆ.

ಮಗ ಹೇಳ್ತಾನೆ, ಒಳಗೆ ಬಿಟ್ರಲ್ಲಮ್ಮಾ, ಮರ್ತುಬಿಡು. ಹೇಗೋ ಮರೀಲಿ?

ನಾವೇನು ಊರು ಸುತ್ತೋಕೆ ಹೋಗಿದ್ವಾ? ಸಾಗರದಲ್ಲಿ ನಮ್ಮತ್ತೆ ಹಾಸಿಗೆ ಹಿಡಿದ್ರು, ಹಿರಿಮಗ ಇವರು, ಹೋಗ್ದೆ ಇರೋಕಾಗುತ್ತಾ? ಕೆಲವು ವಾರ ಅಂದ್ಕೊಂಡು ಹೋದ್ವಿ, ಅತ್ತೆ ತಿಂಗಳುಗಟ್ಟಲೆ ನರಳಿ ಹೋದ್ರು, ಮಳೆಗಾಲ, ಕಷ್ಟ ಹೇಳೋದು ಬೇಡ. ಆಮೇಲೆ ಕ್ರಿಯೆ ಮಾಡೋ ಕರ್ತೃ ಇವರೇ ಅಲ್ವಾ, ತಿಂಗಳ ತಿಂಗಳ ಮಾಸಿಕ ಶ್ರಾದ್ಧ ಶುರುವಾಯ್ತು. ವರ್ಷ ಪೂರ್ತಿ ಇದ್ದು ವರ್ಷಾಂತಿಕ ಮುಗಿಸ್ಕೊಂಡೇ ಹೊರಡೋಣ ಅಂತ ಇವರ ಮನಸ್ಸು. ಮಗ ಫೋನಲ್ಲಿ ಬೇಡವೇ ಬೇಡ ಅಂದ. ವರ್ಷ ದಾಟಿದ್ರೆ ಕಾರ್ಡ್ ತೋರಿಸಿ ಒಳಗೆ ಬರೋಕಾಗಲ್ಲ, ಎಸ್‌ಬಿ-1 ಅಂತ ಬೇರೆ ವೀಸಾ ಕೇಳ್ಬೇಕು, ನಮ್ಮ ಕೈ ಮೀರಿದ ಕಾರಣಕ್ಕೇ ಉಳ್ಕೊಂಡ್ವಿ ಅಂತ ಕಾನ್ಸುಲೇಟ್‌ನವರ ಮುಂದೆ ಸಾಬೀತು ಮಾಡ್ಬೇಕು, ಅದು ಸಿಗೋ ಗ್ಯಾರಂಟಿ ಇಲ್ಲ ಅಂದ. ಸರಿ ಅಂತ ಉಳಿದ ಮಾಸಿಕ ಎಲ್ಲಾ ಮೈದುನನಿಗೆ ಒಪ್ಸಿ, ಇವರು ಅತ್ತೆ ಫೋಟೋ ಮುಂದೆ ಕೈ ಮುಗಿದು ಕ್ಷಮೆ ಕೇಳಿ ಹೊರಟ್ರು. ನಿಯಮ ಅಂತಲೇ ಓಡಿ ಬಂದಿದ್ದು ನಾವು. ನಿಯಮಕ್ಕೋಸ್ಕರ ಹೆತ್ತ ತಾಯಿ ಕಾರ್ಯ ಅರ್ಧಕ್ಕೆ ಬಿಟ್ಟು ಬಂದೋರಿಗೆ ಈ ಮರ್ಯಾದೆ.

ಇಲ್ಲಿ ಇಳಿದು ಇಮಿಗ್ರೇಶನ್ ಲೈನಲ್ಲಿ ನಿಂತಾಗ ಅಲ್ಲಿದ್ದ ಆಫೀಸರ್ ಎಷ್ಟು ದಿನ ಹೊರಗಿದ್ರಿ ಅಂತ ಕೇಳಿದ, ಹೇಳಿದ್ವಿ. 180 ದಿನ ದಾಟಿದ್ರೆ ಕಾನೂನಲ್ಲಿ ನಮ್ಮನ್ನ ಹೊಸದಾಗಿ ಪ್ರವೇಶ ಕೇಳ್ತಿರೋರ ಲೆಕ್ಕಕ್ಕೆ ತಗೋತಾರೆ, ಪ್ರಶ್ನೆ ಕೇಳೋ ಹಕ್ಕು ಅವರಿಗಿದೆ, ಅದು ಗೊತ್ತಿತ್ತು, ಕೇಳ್ಲಿ, ಬೇಜಾರಿಲ್ಲ. ಪಾಸ್‌ಪೋರ್ಟ್ ಒಂದು ಡಬ್ಬಿಗೆ ಹಾಕಿ ಆ ಕಡೆ ರೂಮಿಗೆ ಕಳಿಸಿದ. ಕೂತ್ವಿ. ಎಷ್ಟೋ ಹೊತ್ತಾದ್ಮೇಲೆ ಇವರ ಹೆಸರನ್ನ ಏನೋ ಮಾಡಿ ಕೂಗಿದ್ರು, ಇವರಿಗೆ ಕಿವಿ ಸ್ವಲ್ಪ ಮಂದ, ನಾನೇ ಎಬ್ಬಿಸ್ಕೊಂಡು ಹೋದೆ.

ಅಲ್ಲಿ ನಡೆದಿದ್ದು ಇದು. ಆಫೀಸರ್ ಕೇಳಿದ ಪ್ರಶ್ನೆ ಇವರಿಗೆ ಕೇಳಿಸ್ಲಿಲ್ಲ, ನಾನು ಇಂಗ್ಲಿಷಲ್ಲಿ ಉತ್ತರ ಹೇಳೋಕೆ ಹೋದೆ. ಅವನು ನನ್ನ ಮುಖ ಕೂಡ ನೋಡ್ಲಿಲ್ಲ, ಅಂಗೈ ಎತ್ತಿ ನನ್ನ ಮುಖದ ನೇರಕ್ಕೆ ಹಿಡಿದ. ಹಾಗೇ ಹಿಡ್ಕೊಂಡಿದ್ದ. ಇನ್ನೊಂದು ಕೈಲಿ ಟೈಪ್ ಮಾಡ್ತಿದ್ದ, ಈ ಕೈ ಇಳಿಸ್ಲೇ ಇಲ್ಲ. ಮೂವತ್ತು ವರ್ಷದ ಮೇಲೆ ಸರ್ಕಾರಿ ಹೈಸ್ಕೂಲಲ್ಲಿ ಪಾಠ ಮಾಡಿದೋಳು ನಾನು, ಯಾವ ಮಗುವಿಗೂ ಹೀಗೆ ಮುಖಕ್ಕೆ ಕೈ ಹಿಡಿದು ಬಾಯಿ ಮುಚ್ಸಿಲ್ಲ. ಹಿಂದೆ ಸಾಲಲ್ಲಿ ಕೂತಿದ್ದೋರೆಲ್ಲ ನೋಡ್ತಿದ್ರು. ನನ್ನ ಮಗನ ವಯಸ್ಸಿಗಿಂತ ಚಿಕ್ಕೋನು. ಅವನ ಉಂಗುರ, ವಾಚು, ಅಂಗೈ ಗೆರೆ ಎಲ್ಲ ಇನ್ನೂ ಕಣ್ಣಿಗೆ ಕಟ್ತಿದೆ, ಕಣ್ಮುಚ್ಚಿದ್ರೂ ಅದೇ.

ಆಮೇಲೆ ಇಂಟರ್‌ಪ್ರಿಟರ್ ಅಂತ ಫೋನ್ ಹಚ್ಚಿದ. ಆ ಕಡೆ ಹಿಂದಿ. ಇವರು ಕನ್ನಡ ಕನ್ನಡ ಅಂತ ಹೇಳ್ತಾನೇ ಇದ್ರು, ಅವನು ಇಂಡಿಯನ್ ತಾನೇ ಅಂದ. ನಮ್ಮನೆಯವರು ಹುಟ್ಟಿದ್ದು ಬೆಳೆದಿದ್ದು ಕೆಲಸ ಮಾಡಿದ್ದು ಎಲ್ಲಾ ಮಲೆನಾಡಲ್ಲಿ, ಅವರಿಗೆಲ್ಲಿಂದ ಬರ್ಬೇಕು ಹಿಂದಿ? ಪಕ್ಕದಲ್ಲಿ ನಾನಿದೀನಿ, ಇಂಗ್ಲಿಷ್ ಬರುತ್ತೆ, ನನಗೆ ಬಾಯಿ ಬಿಡೋಹಾಗಿಲ್ಲ. ಬ್ಯಾಗ್ ತೆಗೆಸಿದ. ಪೆನ್ಷನ್ ಪಾಸ್‌ಬುಕ್ ತಿರುವಿ ಹಾಕಿದ, ಪುರಸಭೆ ಕಂದಾಯದ ರಸೀದಿ ತೆಗೆದಿಟ್ಟ, ಆಮೇಲೆ ಪಂಚಾಂಗ ಸಿಕ್ತು. ಅದರಲ್ಲಿ ಭಟ್ರು ಮುಂದಿನ ಮಾಸಿಕ, ವರ್ಷಾಂತಿಕದ ತಿಥಿಗೆಲ್ಲ ಕೆಂಪು ಇಂಕಲ್ಲಿ ಸುತ್ತು ಹಾಕಿ ಕೊಟ್ಟಿದ್ರು, ಅಮೇರಿಕಾದಲ್ಲಿದ್ದೇ ಆವತ್ತು ಒಪ್ಪೊತ್ತು ಮಾಡಿ ಅಂತ. ಒಂದೊಂದು ಸುತ್ತಿನ ಮೇಲೂ ಬೆರಳಿಟ್ಟು, ಇದೇನು, ಇದೇನು, ಈ ದಿನಗಳಲ್ಲೆಲ್ಲಾ ವಾಪಸ್ ಹೋಗೋ ಪ್ಲ್ಯಾನಾ ಅಂತ ಕೇಳ್ತಾನೆ. ಇವರು ಅಮ್ಮಂದು, ಅಮ್ಮಂದು ಅಂತಾರೆ. ಫೋನಲ್ಲಿದ್ದಾಕೆ ಏನು ಹೇಳಿದ್ಲೋ ದೇವರಿಗೇ ಗೊತ್ತು, ಅವನು ಟೈಪ್ ಮಾಡ್ಕೊಂಡ. ತಾಯಿ ತೀರ್ಕೊಂಡ ಮೇಲೂ ಯಾಕೆ ಅಲ್ಲೇ ಉಳ್ಕೊಂಡ್ರಿ ಅಂತ ಕೇಳಿದ. ಇವರು ಅತ್ತುಬಿಟ್ರು. ಅತ್ತೆ ಹೋದ ದಿನ ಗಟ್ಟಿಯಾಗಿ ನಿಂತು ಎಲ್ಲಾ ನಡೆಸಿದ ಮನುಷ್ಯ, ಆ ಕೌಂಟರ್ ಮುಂದೆ ನಿಂತ್ಕೊಂಡು ಅತ್ರು.

ಆಗಲೇ ಅವನು ಆ ಕಾಗದ ಇಟ್ಟಿದ್ದು. ನಿಮ್ಮ ಪೆನ್ಷನ್ ಅಲ್ಲಿ, ಮನೆ ಅಲ್ಲಿ, ನೀವಿರೋದು ಅಲ್ಲೇ, ಸಹಿ ಹಾಕಿ.

ಚೀಟಿ ನೋಡ್ಕೊಂಡು ಹೇಳಿದೆ, ಹಾಕಲ್ಲ, ಜಡ್ಜ್ ಮುಂದೆ ಹೇಳ್ತೀವಿ. ಮುಖ ಗಂಟಿಕ್ಕಿಕೊಂಡು ಎದ್ದು ಹೋದ. ಇವರ ಶುಗರ್ ಮಾತ್ರೆ ಬ್ಯಾಗಲ್ಲಿ, ಬ್ಯಾಗ್ ಕೌಂಟರ್ ಆಚೆ, ಕೇಳಿದ್ರೆ ಕೂತ್ಕೊಳ್ಳಿ ಅಂತಾರೆ. ಕೊನೆಗೆ ಬೇರೆ ಯಾರೋ ಬಂದು ಪಾಸ್‌ಪೋರ್ಟ್ ಕೈಗೆ ಕೊಟ್ಟು, ಈ ಸಲ ಬಿಡ್ತಿದೀವಿ, ಕಂಪ್ಯೂಟರಲ್ಲಿ ಬರ್ದಿದೀವಿ, ಮತ್ತೆ ಹೀಗೆ ಹೋದ್ರೆ ನೋಡ್ತೀವಿ ಅಂದ್ರು.

ಏನ್ ನೋಡ್ತಾರೆ? ಹೀಗೆ ಅಂದ್ರೆ ಹೇಗೆ? ಯಾರಾದ್ರೂ ಹೇಳಿ ನನಗೆ. ನಿನ್ನೆಯಿಂದ ಓದ್ತಾನೇ ಇದೀನಿ. ಆ ಫಾರಂಗೆ ಸಹಿ ಹಾಕಲೇಬೇಕು ಅಂತ ಒತ್ತಾಯ ಮಾಡೋಹಾಗಿಲ್ಲ. ಇವರು ವಾಸ ಬಿಟ್ಟಿದಾರೆ ಅನ್ನೋದನ್ನ ಇಮಿಗ್ರೇಶನ್ ಕೋರ್ಟಲ್ಲಿ ಸರ್ಕಾರವೇ ಗಟ್ಟಿ ಸಾಕ್ಷಿ ಇಟ್ಟು ಸಾಬೀತು ಮಾಡ್ಬೇಕು. ಜಡ್ಜ್ ಕೊನೆ ತೀರ್ಪು ಕೊಡೋತನಕ ನಾವು ಕಾಯಂ ನಿವಾಸಿಗಳೇ. ಇದೆಲ್ಲಾ ಪುಸ್ತಕದಲ್ಲಿದೆ. ಆ ರೂಮಲ್ಲಿ ಒಬ್ಬರಾದ್ರೂ ಇದನ್ನ ಹೇಳಿದ್ರಾ? ಸಹಿ ಹಾಕಿದ್ರೆ ಬೇಗ ಹೋಗ್ಬಹುದು, ಇಷ್ಟೇ ಹೇಳಿದ್ದು. ಇಂಗ್ಲಿಷ್ ಬರ್ದೇ ಇರೋ, ಒಂಟಿಯಾಗಿ ಬರೋ ಎಷ್ಟು ಅಜ್ಜ ಅಜ್ಜಿಯರು ಹೆದರಿ ಗೀಚಿ ಕೊಟ್ಟು ವಾಪಸ್ ವಿಮಾನ ಹತ್ತಿದಾರೋ.

ಅವನ ಕೆಲಸ ಅವನು ಮಾಡಿದ ಬಿಡಿ. ಮೇಲಿನೋರು ಹೇಳಿದ್ದನ್ನ ಮಾಡ್ತಾನೆ. 2025ರ ಮಾರ್ಚಲ್ಲಿ ಉಪಾಧ್ಯಕ್ಷ ವ್ಯಾನ್ಸ್ ಅವರೇ ಟೀವೀಲಿ ಕೂತು, ಗ್ರೀನ್ ಕಾರ್ಡ್ ಇದ್ದ ಮಾತ್ರಕ್ಕೆ ಕೊನೇತನಕ ಇಲ್ಲಿರೋ ಹಕ್ಕು ಬರಲ್ಲ ಅಂದ್ಮೇಲೆ ಕೆಳಗಿನೋರನ್ನ ಅಂದು ಏನು ಪ್ರಯೋಜನ. ಅವರ ದೇಶ, ಅವರ ಬಾಗಿಲು.

ಇಲ್ಲ, ಬಿಡೋಕಾಗಲ್ಲ. ಬಾಗಿಲು ಅವರದ್ದಾದ್ರೆ ತೆರಿಗೆ ಲೆಕ್ಕ ಯಾಕೆ ಕೇಳ್ತಾರೆ? ಗ್ರೀನ್ ಕಾರ್ಡ್ ಇದ್ರೆ ಪ್ರಪಂಚದಲ್ಲಿ ಎಲ್ಲೇ ಬಂದ ಆದಾಯ ಆದ್ರೂ ಇಲ್ಲಿ ರಿಟರ್ನಲ್ಲಿ ತೋರಿಸ್ಬೇಕು. ಊರಿನ ಬ್ಯಾಂಕುಗಳಲ್ಲಿ ಎಲ್ಲಾ ಸೇರಿ 10,000 ಡಾಲರ್ ದಾಟಿದ್ರೆ ಎಫ್‌ಬಾರ್ ಅಂತ ಹೊರದೇಶದ ಖಾತೆಗಳ ಲೆಕ್ಕ ಪ್ರತ್ಯೇಕ ಫೈಲ್ ಮಾಡ್ಬೇಕು, ತಪ್ಪಿದ್ರೆ ದಂಡ. ನಮ್ಮ ಎಫ್‌ಡಿ ಬಡ್ಡಿ ಕೂಡ ಮಗ ವರ್ಷಾವರ್ಷ ಲೆಕ್ಕ ಹಾಕಿ ಕೊಡ್ತಾನೆ. ಅತ್ತೆ ಪಕ್ಕ ಕೂತು ಗಂಜಿ ಕುಡಿಸ್ತಿದ್ದಾಗಲೂ ನಾವು ಅಮೇರಿಕಾ ತೆರಿಗೆಗೆ ನಿವಾಸಿಗಳೇ. ಅದೇ ಪಾಸ್‌ಬುಕ್ ಏರ್‌ಪೋರ್ಟಲ್ಲಿ ತೆಗೆದ್ರೆ ನೀವು ಇಲ್ಲಿಯೋರಲ್ಲ ಅನ್ನೋಕೆ ಸಾಕ್ಷಿ. ಒಂದೇ ಪುಸ್ತಕ ಎರಡೂ ಕಡೆಗೆ ಸಾಕ್ಷಿ ಹೇಳೋದು ಯಾವ ನ್ಯಾಯ?

ಊರಲ್ಲೂ ಅಷ್ಟೇ. ಪ್ರತಿ ನವೆಂಬರ್ ಬದುಕಿದೀನಿ ಅಂತ ಸರ್ಟಿಫಿಕೇಟ್ ಕೊಡ್ದಿದ್ರೆ ಪೆನ್ಷನ್ ನಿಲ್ಲುತ್ತೆ. ಅಲ್ಲಿ ಉಸಿರಾಡ್ತಿರೋದಕ್ಕೆ ಪುರಾವೆ, ಇಲ್ಲಿ ವಾಸ ಇರೋದಕ್ಕೆ ಪುರಾವೆ. ವಯಸ್ಸಾದ್ಮೇಲೆ ಸುಮ್ನೆ ಇರೋಕೂ ಕಾಗದ ಬೇಕು.

ಸಿಟಿಜನ್ ಆಗ್ಬಿಡಿ ಆಂಟಿ ಅಂತ ಎಲ್ರೂ ಸಲೀಸಾಗಿ ಹೇಳ್ತಾರೆ. ಐದು ವರ್ಷ ಎಡೆಬಿಡದೆ ವಾಸ ಬೇಕು, ಅದರಲ್ಲಿ 30 ತಿಂಗಳು ಮೈ ಇಲ್ಲೇ ಇರ್ಬೇಕು, ಮಧ್ಯೆ ಒಂದೇ ಸಲಕ್ಕೆ ಆರು ತಿಂಗಳ ಮೇಲೆ ಹೋದ್ರೆ ವಾಸ ಮುರೀತು ಅಂತಲೇ ಮೊದಲು ತಿಳ್ಕೋತಾರೆ, ಮುರಿದಿಲ್ಲ ಅಂತ ನಾವು ತೋರಿಸ್ಬೇಕು. ಅತ್ತೆಯ ಕಾಯಿಲೆಗೆ ಹೋಗಿದ್ದಕ್ಕೆ ಅದೂ ಹೋಯ್ತು ಅಂತ ಇಟ್ಕೊಳ್ಳಿ. ಇಂಗ್ಲಿಷ್ ಪರೀಕ್ಷೆ ಇಲ್ದೇ ಆಗ್ಬೇಕಾದ್ರೆ 55 ದಾಟಿದೋರು 15 ವರ್ಷ ಗ್ರೀನ್ ಕಾರ್ಡ್ ಮೇಲೆ ಕಳೆದಿರ್ಬೇಕು. ಇವರಿಗೆ ಈಗಲೇ 72. ಮೆಡಿಕೇರ್ ಅಂತ ವಯಸ್ಸಾದೋರಿಗಿರೋ ಸರ್ಕಾರಿ ಆರೋಗ್ಯ ವಿಮೆ, ಅದನ್ನ ದುಡ್ಡು ಕೊಟ್ಟು ಕೊಳ್ಳೋಕೂ ಐದು ವರ್ಷದ ನಿರಂತರ ವಾಸ. ಅಲ್ಲೀತನಕ ಮಗ ತಿಂಗಳ ತಿಂಗಳ ಇನ್ಶೂರೆನ್ಸ್ ಕಟ್ತಾನೆ, ಅದು ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಈ ಕಾರ್ಡೇ ಬೇಡ, ಕೊಟ್ಬಿಡೋಣ, ಸಾಗರದ ಮನೆ ಬೀಗ ತೆಗೆದು ಇದ್ದುಬಿಡೋಣ ಅಂತ ರಾತ್ರಿ ಇವರಿಗೆ ಹೇಳಿದೆ. ಇವರು ಹೂಂ ಅಂದ್ರು. ಬೆಳಗ್ಗೆ ಮೊಮ್ಮಗಳು ಸ್ಕೂಲ್ ಬ್ಯಾಗ್ ಹಾಕ್ಕೊಂಡು ಬಂದು ಜಡೆ ಹಾಕು ಅಂತ ಬೆನ್ನು ಕೊಟ್ಟು ಕೂತ್ಲು. ಯಾಕ್ರೀ ಕೊಡ್ಬೇಕು? ಕಳ್ಳದಾರಿಲಿ ಬಂದಿದೀವಾ? ಮಗ ಅರ್ಜಿ ಹಾಕಿ, ಮುಂಬೈಗೆ ಹೋಗಿ ಇಂಟರ್‌ವ್ಯೂ ಕೊಟ್ಟು, ಮೆಡಿಕಲ್ ಮಾಡಿಸಿ, ಪೊಲೀಸ್ ಸರ್ಟಿಫಿಕೇಟ್ ತಂದು, ಕೇಳಿದ್ದೆಲ್ಲಾ ಕೊಟ್ಟು ಬಂದಿದೀವಿ. ಸಾಗರದಲ್ಲಿ ಈಗ ನಮ್ಗೆ ಜ್ವರ ಬಂದ್ರೆ ಕಷಾಯ ಕಾಸಿ ಕೊಡೋರು ಯಾರಿದಾರೆ? ಇಬ್ರು ಮಕ್ಕಳೂ ಇಲ್ಲೇ.

ಮಗ ಈಗ ರೀ-ಎಂಟ್ರಿ ಪರ್ಮಿಟ್ ಹಾಕೋಣ ಅಂತಿದಾನೆ, ಹೆಚ್ಚು ದಿನ ಹೊರಗಿದ್ರೂ ವಾಪಸ್ ಬರೋಕೆ ಮೊದಲೇ ತಗೊಳ್ಳೋ ಅನುಮತಿ ಅದು. ಐ-131 ಫಾರಂ, 2024ರ ಏಪ್ರಿಲ್ಲಿಂದ ಒಬ್ಬೊಬ್ಬರಿಗೆ 630 ಡಾಲರ್. ಸಿಕ್ರೆ ಹೆಚ್ಚಂದ್ರೆ ಎರಡು ವರ್ಷ, ಮುಂದಕ್ಕೆ ಹಾಕಿ ಕೊಡಲ್ಲ, ಮತ್ತೆ ಹೊಸದೇ. ಅರ್ಜಿ ಹಾಕುವಾಗ ಇದೇ ನೆಲದ ಮೇಲೆ ಇರ್ಬೇಕು, ಬೆರಳಚ್ಚಿಗೆ ಕರೆಯೋತನಕ ಕಾಯ್ಬೇಕು. ಅಂದ್ರೆ ಊರಲ್ಲಿ ಯಾರಾದ್ರೂ ಬಿದ್ದ ಮೇಲೆ, ಉಳ್ಕೋಬೇಕು ಅಂತ ಗೊತ್ತಾದ ಮೇಲೆ, ಅಲ್ಲಿಂದ ಹಾಕೋಕೆ ಬರಲ್ಲ. ಯಾರಿಗೆ ಯಾವಾಗ ಹುಷಾರು ತಪ್ಪುತ್ತೆ ಅಂತ ಮೊದಲೇ ತಿಳ್ಕೊಂಡು ಅರ್ಜಿ ಹಾಕಿ ಹೋಗ್ಬೇಕಾ? ಈ ನಿಯಮ ಬರೆದೋರಿಗೆ ವಯಸ್ಸಾದ ತಾಯಿ ಇರ್ಲಿಲ್ವಾ? ಆ ಪರ್ಮಿಟ್ ಇದ್ರೂ ಬಾಗಿಲಲ್ಲಿ ಪ್ರಶ್ನೆ ಕೇಳಲ್ಲ ಅಂತೇನಿಲ್ಲ, ವಕೀಲರೇ ಹೇಳ್ತಾರೆ.

ನನಗೆ ಸಮಾಧಾನದ ಮಾತು ಬೇಡ. ಧೈರ್ಯವಾಗಿರಿ ಅಂತ ಬರೀಬೇಡಿ. ಕಂಪ್ಯೂಟರಲ್ಲಿ ಬರೆಸ್ಕೊಂಡ ಮೇಲೂ ಊರಿಗೆ ಹೋಗಿ ಬಂದೋರು ಯಾರಾದ್ರೂ ಇದೀರಾ? ಎರಡೇ ವಾರಕ್ಕೆ ಹೋದ್ರೂ ಮತ್ತೆ ಆ ರೂಮಿಗೆ ಕಳಿಸ್ತಾರಾ? ಮರಣ ಪ್ರಮಾಣಪತ್ರ, ಆಸ್ಪತ್ರೆ ಚೀಟಿ, ಇಲ್ಲಿನ ಟ್ಯಾಕ್ಸ್ ರಿಟರ್ನ್ ಎಲ್ಲ ಜೊತೆಗಿದ್ರೆ ಸಾಕಾ? ಪರ್ಮಿಟ್‌ನ ಬೆರಳಚ್ಚು ಆದ್ಮೇಲೇ ಹೊರಡ್ಬೇಕಾ, ಅದಕ್ಕೆ ಈಗ ಎಷ್ಟು ತಿಂಗಳು ಹಿಡೀತಿದೆ? ವರ್ಷಾಂತಿಕದ ಟಿಕೆಟ್ ರೇಟ್ ಈಗಲೇ ಏರ್ತಿದೆ. ಮೈದುನ ಭಟ್ರಿಗೆ ಹೇಳ್ಬೇಕು ಅತ್ತಿಗೆ, ಅಣ್ಣ ಬರ್ತಾನಾ ಇಲ್ವಾ ಅಂತ ಎರಡು ಸಲ ಫೋನ್ ಮಾಡಿದಾನೆ. ಏನು ಹೇಳ್ಲಿ ಅವನಿಗೆ?