ಅರಣ್ಯ ಕಾಲೇಜಿನ ಹುಡುಗರು ಮತ್ತು ನಮ್ಮೂರು
ಸಣ್ಣ ಕಾಲೇಜು ಊರಲ್ಲಿ ಬದುಕು ನೆಮ್ಮದಿ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಿಜ, ಆದರೆ ಅಷ್ಟೇ ಅಲ್ಲ. ಕೊಡಗಿನ ನಮ್ಮ ಪೊನ್ನಂಪೇಟೆಯ ಅರಣ್ಯ ಕಾಲೇಜಿಗೆ ಬಯಲುಸೀಮೆಯ ಹುಡುಗರು ಬರುತ್ತಾರೆ. ಮೊದಲ ಜುಲೈ ಮಳೆಗೆ ಕಂಗಾಲಾಗುತ್ತಾರೆ. ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗಲ್ಲ, ಪಾಪ! ಅದೇ ಹುಡುಗರು ಮೂರನೇ ವರ್ಷಕ್ಕೆ ನನ್ನ ಕಾಫಿ ತೋಟಕ್ಕೆ ಬಂದು, "ಅಂಕಲ್, ನೆರಳಿಗೆಂದು ಎಲ್ಲಾ ಕಡೆ ಹೊರಗಿನ ಸಿಲ್ವರ್ ಓಕ್ ಮರ ಹಾಕಬೇಡಿ, ಆ ನಂದಿ, ಹಲಸಿನಂಥ ಇಲ್ಲಿನ ಮರಗಳನ್ನು ಉಳಿಸಿ" ಎನ್ನುತ್ತಾರೆ. ಬರೀ ತೋಟಗಳ ಊರಾಗಿದ್ದರೆ ಇದನ್ನು ಯಾರು ಹೇಳುತ್ತಿದ್ದರು? ರಜೆ ಬಂತೆಂದರೆ ಮಾತ್ರ ಊರು ಭಣಭಣ. ದೊಡ್ಡ ಆಸ್ಪತ್ರೆ ಬೇಕೆಂದರೆ ಮೈಸೂರೇ ಗತಿ, ಅದು ಕಷ್ಟವೇ. ಬೆಂಗಳೂರಿನ ಮಗ "ಅಲ್ಲಿ ಏನಿದೆ ಅಪ್ಪಾ?" ಎಂದು ಸುಮ್ನೆ ಕೆಣಕುತ್ತಾನೆ. ಮಾರ್ಚಲ್ಲಿ ಕಾಫಿ ಹೂ ಬಿಟ್ಟಾಗ ಬಾ ಎಂದಿದ್ದೇನೆ.